ಬಿಚ್ಚುವ ಮೊದಲು: ಹಳೆಯ ಕಾರಿನ ಕ್ಲಚ್ಚು

ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೌನ ತಾಳಿದರೆ ವಿವೇಕಿಯಾದ ಗೃಹಸ್ಥನು ಮೊದಲು ಪೆಟ್ಟಿಗೆಯನ್ನು ಬಿಚ್ಚುವುದಿಲ್ಲ. ಗೋಡೆಯಲ್ಲಿ ಪ್ಲಗ್ಗು ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾನೆ. ಈ ಸಣ್ಣ ವಿವೇಕವು ದೊಡ್ಡ ಯಂತ್ರಕ್ಕೂ ಹೇಗೆ ಸಲ್ಲುತ್ತದೆಂಬುದನ್ನು ಇಂಗ್ಲೆಂಡಿನ ಒಂದು ಹಳೆಯ ಕಾರಿನ ನಿದರ್ಶನದಿಂದ ತಿಳಿಯೋಣ.

ಅದರ ಹೆಸರು ಎಂ.ಜಿ.ಬಿ. ತಗ್ಗಾದ, ಚುರುಕಾದ ಈ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ, ಐದು ಲಕ್ಷಕ್ಕೂ ಮಿಕ್ಕ ಸಂಖ್ಯೆಯಲ್ಲಿ ತಯಾರಾಯಿತು. ಅಲ್ಲಿ ಅನೇಕರು ಇಂದಿಗೂ ಅದನ್ನು ಮನೆಯಲ್ಲೇ ದುರಸ್ತಿ ಮಾಡಿಕೊಂಡು ಓಡಿಸುತ್ತಾರೆ. ಅವರೂ ಒಮ್ಮೆ ಯೋಚಿಸಿ ಕೈಹಾಕುವ ಕೆಲಸವೆಂದರೆ ಕ್ಲಚ್ಚು ಬದಲಿಸುವುದು.

ಕ್ಲಚ್ಚು ಎಂದರೇನು? ಎರಡು ಅಂಗೈಗಳ ನಡುವೆ ಒಂದು ತಟ್ಟೆಯನ್ನು ಒತ್ತಿ ಹಿಡಿಯಿರಿ. ಕೈ ತಿರುಗಿದರೆ ತಟ್ಟೆಯೂ ತಿರುಗುತ್ತದೆ. ಹಿಡಿತ ಸಡಿಲಿಸಿದರೆ ಕೈ ಮಾತ್ರ ತಿರುಗುತ್ತದೆ. ಒಂದು ಅಂಗೈ ಎಂಜಿನ್ನಿನ ಫ್ಲೈವೀಲು, ಇನ್ನೊಂದು ಪ್ರೆಷರ್ ಪ್ಲೇಟು. ನಡುವಿನ ತಟ್ಟೆಯೇ ಕ್ಲಚ್ ಪ್ಲೇಟು. ಅದು ತನ್ನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಒಯ್ಯುತ್ತದೆ. ನಾವು ಪೆಡಲು ತುಳಿದಾಗ ರಿಲೀಸ್ ಬೇರಿಂಗು ಒತ್ತಿ ಆ ಹಿಡಿತವನ್ನು ಬಿಡಿಸುತ್ತದೆ.

ಇನ್ನು ರೋಗಲಕ್ಷಣಕ್ಕೆ ಬರೋಣ. ಏರಿನಲ್ಲಿ ಎಂಜಿನ್ನು ಭೋರ್ಗರೆದರೂ ಕಾರಿನ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಎಂದರ್ಥ. ಅದು ಸವೆದಿರಬೇಕು, ಇಲ್ಲವೇ ಎಣ್ಣೆ ತಗಲಿರಬೇಕು. ಆದರೆ ಪೆಡಲು ಪೂರ್ತಿ ತುಳಿದರೂ ಗೇರು ಕರಕರ ಸದ್ದು ಮಾಡಿದರೆ ಅವಸರಪಡಬೇಡಿ. ಈ ಕಾರಿನಲ್ಲಿ ಪೆಡಲಿನ ಒತ್ತಡವನ್ನು ಒಯ್ಯುವುದು ದ್ರವ. ಪೆಡಲಿನ ಬಳಿ ಒಂದು, ಗೇರ್‌ಬಾಕ್ಸಿನ ಪಕ್ಕದಲ್ಲಿ ಇನ್ನೊಂದು ಸಿಲಿಂಡರು ಇವೆ. ಅವುಗಳಲ್ಲಿನ ಚಿಕ್ಕ ರಬ್ಬರು ಸವೆದು ದ್ರವ ಸೋರಿದರೂ, ಒಳಗೆ ಗಾಳಿ ಸೇರಿದರೂ ಇದೇ ಲಕ್ಷಣ ತೋರುತ್ತದೆ. ಇದನ್ನು ನೋಡದೆ ಮುಂದುವರಿದವನು ಒಂದು ರಬ್ಬರಿನ ತಪ್ಪಿಗೆ ಇಡೀ ಎಂಜಿನ್ನನ್ನೇ ಎತ್ತಬೇಕಾದೀತು!

ಹೌದು, ಎಂ.ಜಿ.ಬಿ.ಯಲ್ಲಿ ಕ್ಲಚ್ಚು ಕೈಗೆ ಸಿಗಬೇಕಾದರೆ ಎಂಜಿನ್ನು ಹೊರಬರಲೇಬೇಕು. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬಾನೆಟ್ಟು, ರೇಡಿಯೇಟರುಗಳನ್ನು ತೆಗೆದು, ಪ್ರತಿಯೊಂದು ತಂತಿಗೂ ಚೀಟಿ ಕಟ್ಟಬೇಕು. ಗೇರ್‌ಬಾಕ್ಸಿಗೆ ಕೆಳಗಿನಿಂದ ಆಸರೆ ಕೊಟ್ಟು, ಸರಪಳಿಯ ಎತ್ತುಯಂತ್ರದಿಂದ ಎಂಜಿನ್ನನ್ನು ನೇರವಾಗಿ ಮುಂದಕ್ಕೆ ಎಳೆಯಬೇಕು. ಅದರ ಭಾರವು ಗೇರ್‌ಬಾಕ್ಸಿನ ದಂಡದ ಮೇಲೆ ಜೋತುಬೀಳಕೂಡದು. ಬರಿಯ ಜಾಕಿಯ ಮೇಲೆ ನಿಂತ ಕಾರಿನಡಿಗೆ ಎಂದೂ ನುಸುಳಬೇಡಿ; ಗಟ್ಟಿಯಾದ ಸ್ಟ್ಯಾಂಡುಗಳು ಇರಲೇಬೇಕು. ಜಾಕಿ ಜಾರಲು ಒಂದು ಕ್ಷಣ ಸಾಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಬ್ರಿಟನ್ನು 1999ರಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆದ್ದರಿಂದ ಆ ಕರಿಯ ಧೂಳನ್ನು ಊದಬೇಡಿ, ಒಣ ಬ್ರಷ್ಷಿನಿಂದ ಗುಡಿಸಬೇಡಿ. ತಕ್ಕ ಮುಖಗವಸು ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಭದ್ರವಾಗಿ ಕಟ್ಟಿಡಿ.

ಇಷ್ಟೆಲ್ಲ ಬಿಚ್ಚಿದ ಮೇಲೆ ಪ್ಲೇಟೊಂದನ್ನೇ ಬದಲಿಸುವುದು ಜಿಪುಣತನ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಹೊಸದಾಗಿ ಹಾಕುವುದೇ ಲೇಸು. ಎಂಜಿನ್ನಿನ ಹಿಂಬದಿ ಎಣ್ಣೆ ಸೋರುತ್ತಿದ್ದರೆ ಅದನ್ನೂ ಆಗಲೇ ಸರಿಪಡಿಸಬೇಕು. ಹೊಸ ಪ್ಲೇಟು ನಟ್ಟನಡುವೆ ಕೂರಲು ಒಂದು ನೆರವಿನ ಕಡ್ಡಿಯನ್ನು ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಡು ತಪ್ಪಿದರೆ ದಂಡ ಒಳಸೇರದು. ಆಗ ಬಲ ಪ್ರಯೋಗಿಸಿದರೆ ಹೊಸ ಪ್ಲೇಟೂ ಕೆಟ್ಟೀತು.

ಕೊನೆಯದಾಗಿ, ಓಡಿಸುವವರಿಗೆ ಒಂದು ಮಾತು. ಈ ಕಾರಿನ ರಿಲೀಸ್ ಬೇರಿಂಗು ಗ್ರಾಫೈಟಿನದು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇದ್ದರೆ ಅದು ಬೇಗ ಸವೆಯುತ್ತದೆ. ಕ್ಲಚ್ಚು ಎಂಬ ಇಂಗ್ಲಿಷ್ ಮಾತಿಗೆ ಬಿಗಿಹಿಡಿತವೆಂದು ಅರ್ಥ. ಆದರೆ ಅದು ಬಹುಕಾಲ ಬಾಳುವುದು, ಬೇಕಾದಾಗ ಮಾತ್ರ ತುಳಿದು ಉಳಿದ ವೇಳೆ ಕಾಲನ್ನು ದೂರವಿಡಬಲ್ಲವರ ಕೈಯಲ್ಲಿ.