ಟಿ.ವಿ.ಯಲ್ಲಿ ಕಾಣದ ತೈಲಬಾವಿ

‘ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಓದಲ್ಲ ಸರ್. ರಿಗ್ ಕೆಲಸಕ್ಕೆ ಹೋಗ್ತೀನಿ. ಅದಕ್ಕೆ ಓದು ಬೇಕಾಗಿಲ್ಲ, ಧೈರ್ಯ ಇದ್ರೆ ಸಾಕು.’

ಹತ್ತನೇ ತರಗತಿಯ ಹುಡುಗ. ಲೆಕ್ಕದಲ್ಲಿ ಚುರುಕು. ನಾಲ್ಕು ದಿನದಿಂದ ವಿಶೇಷ ತರಗತಿಗೆ ಬಂದಿಲ್ಲವೆಂದು ಸಂಜೆ ಅವನ ಮನೆಗೆ ಹೋಗಿದ್ದೆ. ಅವನ ಮಾತು ಕೇಳಿ, ನಮ್ಮ ಕಡೆ ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಹೊರಟಿರಬೇಕು ಎಂದುಕೊಂಡೆ. ಅಲ್ಲ! ಅಪ್ಪನ ಮೊಬೈಲ್ ತಂದು ಅವನು ತೋರಿಸಿದ್ದು ಅಮೆರಿಕದ ಟೆಕ್ಸಸ್‌ನ ತೈಲಬಾವಿಯನ್ನು. ಕೆಸರು ಮೆತ್ತಿದ ಮುಖಗಳು, ತಿರುಗುವ ಉಕ್ಕಿನ ಕೊಳವೆ, ಅದಕ್ಕೆ ಸರಪಳಿ ಬೀಸಿ ಸುತ್ತುವ ಕೈಗಳು, ಕಿವಿ ಮುಚ್ಚಿಕೊಳ್ಳುವಂಥ ಬೈಗುಳ. ‘ಅಯ್ಯೋ, ಕೈ ಹೋಯಿತು’ ಎನ್ನುವಷ್ಟರಲ್ಲಿ ಜಾಹೀರಾತು.

ಅವರಪ್ಪ ಲಾರಿ ಡ್ರೈವರ್. ಬಾಗಿಲಲ್ಲಿ ನಿಂತು, ‘ನೀವೇ ಒಂದು ಮಾತು ಹೇಳಿ ಮೇಷ್ಟ್ರೇ’ ಎಂದರು. ಹೇಳುವ ಮೊದಲು ನಾನೂ ನೋಡಬೇಕಲ್ಲ? ಮನೆಗೆ ಬಂದು ಅಂಥ ಕಾರ್ಯಕ್ರಮಗಳನ್ನು ನೋಡಿದೆ, ಓದಿದೆ. ಈ ಲೇಖನ ಅದರ ಫಲ.

ಗಡುವಿನ ಓಟ

ತೈಲಬಾವಿ ಕೊರೆಯುವವರ ಬದುಕನ್ನು ರಿಯಾಲಿಟಿ ಷೋ ಮಾಡಿದ್ದರಲ್ಲಿ ‘ಬ್ಲ್ಯಾಕ್ ಗೋಲ್ಡ್’ ಹೆಸರಾದದ್ದು. ಅಮೆರಿಕದ ಟ್ರು ಟಿ.ವಿ. ವಾಹಿನಿಯಲ್ಲಿ ಅದು ಆರಂಭವಾದದ್ದು 2008ರ ಜೂನ್‌ನಲ್ಲಿ. ಮರುತಿಂಗಳೇ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಇದರ ಹಿಂದಿದ್ದವರು ಥಾಮ್ ಬಿಯರ್ಸ್. ಅಲಾಸ್ಕದ ಏಡಿ ಹಿಡಿಯುವವರ ‘ಡೆಡ್ಲಿಯೆಸ್ಟ್ ಕ್ಯಾಚ್’, ಹೆಪ್ಪುಗಟ್ಟಿದ ನೀರಿನ ಮೇಲೆ ಲಾರಿ ಓಡಿಸುವವರ ‘ಐಸ್ ರೋಡ್ ಟ್ರಕರ್ಸ್’ ಕೂಡ ಇವರದೇ ಸೃಷ್ಟಿ. ಕಷ್ಟದ ದುಡಿಮೆಯನ್ನು ಪಂದ್ಯದಂತೆ ತೋರಿಸುವುದು ಇವರ ಜಾಣ್ಮೆ. ‘ಬ್ಲ್ಯಾಕ್ ಗೋಲ್ಡ್’ನಲ್ಲೂ ಅಷ್ಟೇ. ಪಶ್ಚಿಮ ಟೆಕ್ಸಸ್‌ನ ಮೂರು ರಿಗ್‌ಗಳು ಗಡುವಿನೊಳಗೆ ತೈಲ ಮುಟ್ಟಲು ಪೈಪೋಟಿ ನಡೆಸುತ್ತವೆ.

ಇದರಲ್ಲಿ ಸುಳ್ಳಿದೆ ಎನ್ನಲಾರೆ. ರಿಗ್‌ನ ಕೆಲಸಗಾರನಿಗೆ ಅಲ್ಲಿ ‘ರಫ್‌ನೆಕ್’ ಎಂದೇ ಹೆಸರು. ಪದಶಃ ಹೇಳಿದರೆ ಒರಟು ಕತ್ತಿನವನು. ಹೊಸಬನನ್ನು ‘ವರ್ಮ್’, ಅಂದರೆ ಹುಳು ಎಂದು ಕರೆಯುತ್ತಾರೆ. ಪಾಳಿ 12 ಗಂಟೆಯದು. ಒಂದೊಂದು ಕೊಳವೆ ಸುಮಾರು 30 ಅಡಿ ಉದ್ದ, ಎರಡೂವರೆ ಕ್ವಿಂಟಲ್‌ಗೂ ಹೆಚ್ಚು ಭಾರ. ಗೋಪುರದಲ್ಲಿ 80–90 ಅಡಿ ಎತ್ತರದ ಅಟ್ಟಣೆಯ ಮೇಲೆ ನಿಂತು ಒಬ್ಬ ಆ ಕೊಳವೆಗಳನ್ನು ಸಾಲಾಗಿ ನಿಲ್ಲಿಸಬೇಕು. ನಾವು ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಇವರನ್ನು ಎಂದಾದರೂ ನೆನೆದಿದ್ದೇವೆಯೇ? ಇವರನ್ನು ನಡುಮನೆಗೆ ತಂದ ಪುಣ್ಯ ಈ ಕಾರ್ಯಕ್ರಮಗಳದು.

ಆದರೆ ಒಂದು ಲೆಕ್ಕ ಹಾಕಿ. ರಿಗ್ ನಿಲ್ಲುವುದಿಲ್ಲ, ವಾರಕ್ಕೆ 168 ಗಂಟೆ ಕೆಲಸ. ಮೂರು ರಿಗ್‌ಗೆ 504 ಗಂಟೆ, ಅಂದರೆ 30,240 ನಿಮಿಷ. ಜಾಹೀರಾತು ಕಳೆದರೆ ಒಂದು ಗಂಟೆಯ ಕಂತಿನಲ್ಲಿ ಉಳಿಯುವುದು ಸುಮಾರು 44 ನಿಮಿಷ. ಒಂದು ವಾರದ ಕೆಲಸವನ್ನು ಒಂದು ಕಂತಿಗೆ ಇಳಿಸಿದರೆ, ಸಾವಿರ ನಿಮಿಷದಲ್ಲಿ ನಮಗೆ ಕಾಣುವುದು ಒಂದೂವರೆ ನಿಮಿಷವೂ ಅಲ್ಲ! ಅಷ್ಟರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತಾರೆ? ಜಗಳ, ಗಾಯ, ಗಡುವು. ಯಾವುದನ್ನು ಕತ್ತರಿಸುತ್ತಾರೆ? ಹುಡುಗ ‘ಬೇಕಾಗಿಲ್ಲ’ ಎಂದನಲ್ಲ, ಆ ಓದನ್ನು.

ಕೆಸರಿನೊಳಗಿನ ಗಣಿತ

ಪರದೆಯ ಮೇಲೆ ಕೆಸರೆಂದರೆ ಮುಖಕ್ಕೆ ಮೆತ್ತಿಕೊಳ್ಳುವ ಕೊಳೆ. ನಿಜವಾಗಿ ಅದು ರಿಗ್‌ನ ಪ್ರಾಣ. ಬೆಂಟೊನೈಟ್ ಜೇಡಿ, ಭಾರವಾದ ಬೆರೈಟ್ ಪುಡಿ ಮುಂತಾದವನ್ನು ಅಳತೆ ಮಾಡಿ ಕಲಸಿದ ಈ ದ್ರವವನ್ನು ಕೊಳವೆಯೊಳಗಿಂದ ತಳಕ್ಕೆ ಒತ್ತುತ್ತಾರೆ. ಅದು ಕೊರೆದ ಕಲ್ಲಿನ ಚೂರುಗಳನ್ನು ಹೊತ್ತುಕೊಂಡು ಕೊಳವೆಯ ಹೊರಬದಿಯಿಂದ ಮೇಲೆ ಬರುತ್ತದೆ. ಅದಕ್ಕಿಂತ ದೊಡ್ಡ ಕೆಲಸವೂ ಅದಕ್ಕಿದೆ.

ವಿದ್ಯಾರ್ಥಿಗಳೇ, ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಸುಮಾರು ಒಂದು ವಾತಾವರಣದಷ್ಟು ಹೆಚ್ಚುತ್ತದೆಂದು ಓದಿದ್ದೀರಿ. 3,000 ಮೀಟರ್ ಬಾವಿಯಲ್ಲಿ ಬರೀ ನೀರಿದ್ದರೆ ತಳದಲ್ಲಿ ಒತ್ತಡ ಸುಮಾರು 300 ವಾತಾವರಣ. ಶಿಲೆಯೊಳಗಿನ ಅನಿಲದ ಒತ್ತಡ 360 ಇದ್ದರೆ ಏನಾಗುತ್ತದೆ? ಅನಿಲ ನೀರನ್ನು ತಳ್ಳಿಕೊಂಡು ಮೇಲೇರುತ್ತದೆ. ಅದನ್ನು ಹಿಡಿದಿಡಲು ನೀರಿನ 1.2 ಪಟ್ಟು ಸಾಂದ್ರತೆಯ ಕೆಸರಾದರೂ ಬೇಕು. ತೀರಾ ಭಾರ ಮಾಡಿದರೂ ಕಷ್ಟ. ಬಂಡೆಯೇ ಬಿರಿದು ಕೆಸರು ಸೋರಿಹೋಗುತ್ತದೆ. ಒಂಬತ್ತು, ಹತ್ತನೇ ತರಗತಿಯ ಈ ಲೆಕ್ಕದ ಮೇಲೆ ರಿಗ್‌ನಲ್ಲಿರುವ ಎಲ್ಲರ ಜೀವ ನಿಂತಿದೆ.

1901ರ ಜನವರಿ 10ರಂದು ಟೆಕ್ಸಸ್‌ನ ಸ್ಪಿಂಡಲ್‌ಟಾಪ್‌ನಲ್ಲಿ ತೈಲ 150 ಅಡಿಗೂ ಎತ್ತರಕ್ಕೆ ಚಿಮ್ಮಿತು. ಒಂಬತ್ತು ದಿನ ಅದನ್ನು ನಿಲ್ಲಿಸಲಾಗಲಿಲ್ಲ. ಆ ಕಪ್ಪು ಕಾರಂಜಿ ಇಂದಿಗೂ ಸಿನಿಮಾದವರಿಗೆ ಸಂಭ್ರಮದ ಚಿತ್ರ. ರಿಗ್‌ನವರಿಗೆ ಅದು ಅನಾಹುತ. ಅದನ್ನು ತಡೆಯಲೆಂದೇ ಬಾವಿಯ ಬಾಯಿಗೆ ಬಿಗಿಯುವ ಭಾರೀ ಕವಾಟವನ್ನು ಜೇಮ್ಸ್ ಅಬರ್‌ಕ್ರಾಂಬಿ ಮತ್ತು ಹ್ಯಾರಿ ಕ್ಯಾಮೆರಾನ್ 1920ರ ದಶಕದಲ್ಲಿ ರೂಪಿಸಿದರು. ನಮ್ಮ ಹುಡುಗನನ್ನು ಬೆರಗುಗೊಳಿಸಿದ ಸರಪಳಿಯ ಕಥೆಯೂ ಇಂಥದೇ. ಎಷ್ಟೋ ಜನರ ಬೆರಳು ತಿಂದ ಆ ಸರಪಳಿಗೆ ಬದಲಾಗಿ ಕೊಳವೆ ಬಿಗಿಯುವ ಯಂತ್ರ 1970ರ ದಶಕದಲ್ಲೇ ಬಂತು. ಅದರ ಹೆಸರು ‘ಐರನ್ ರಫ್‌ನೆಕ್’, ಕಬ್ಬಿಣದ ರಫ್‌ನೆಕ್! ಆದರೆ ಯಂತ್ರ ತನ್ನ ಪಾಡಿಗೆ ತಾನು ಬಿಗಿಯುವುದನ್ನು ಯಾರು ಕೂತು ನೋಡುತ್ತಾರೆ?

ಈಗ 2010ರ ಏಪ್ರಿಲ್ 20ರ ಸಂಜೆಯನ್ನು ನೆನೆಯಿರಿ. ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ರಿಗ್‌ನ ಮೇಲೆ 126 ಜನರಿದ್ದರು. ಬಾವಿ ಭದ್ರವಾಗಿ ಮುಚ್ಚಿದೆಯೇ ಎಂಬ ಪರೀಕ್ಷೆ ನಡೆದಿತ್ತು. ಒಂದೇ ಬಾವಿಗೆ ಇಳಿದ ಎರಡು ಕೊಳವೆಗಳಲ್ಲಿ ಒಂದರ ಒತ್ತಡಮಾಪಕ ಚದರ ಇಂಚಿಗೆ 1,400 ಪೌಂಡ್ ತೋರಿಸಿತು. ಇನ್ನೊಂದರಲ್ಲಿ ಹರಿವೂ ಇಲ್ಲ, ಒತ್ತಡವೂ ಇಲ್ಲ. ಒಂದೇ ಬಾವಿಯಲ್ಲಿ ಹೀಗಾಗುವುದೆಂತು ಎಂಬ ಪ್ರಶ್ನೆಗೆ ಅಲ್ಲಿದ್ದವರು ಒಂದು ಸಮಾಧಾನ ಕಂಡುಕೊಂಡರು, ಕೆಲಸ ಮುಂದುವರಿಸಿದರು. ಅದೇ ರಾತ್ರಿ ರಿಗ್ ಸ್ಫೋಟಿಸಿತು. 11 ಜನ ಸತ್ತರು. ಆ ದಿನದ ನಿಜವಾದ ‘ರೋಮಾಂಚಕ’ ಕ್ಷಣ ಬೆಂಕಿಯದಲ್ಲ, ಮೌನವಾಗಿ ನಿಂತಿದ್ದ ಆ ಎರಡು ಮುಳ್ಳುಗಳದು. ಅದು ಕ್ಯಾಮೆರಾಕ್ಕೆ ಸಿಕ್ಕುವ ದೃಶ್ಯವಲ್ಲ.

ಸಾವು ಕಾಯುವುದು ಎಲ್ಲಿ?

ನನಗೆ ಅಚ್ಚರಿಯಾದದ್ದು ಇನ್ನೊಂದು ಅಂಕಿಯಿಂದ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವರದಿಯ ಪ್ರಕಾರ 2003ರಿಂದ 2013ರವರೆಗೆ ಆ ದೇಶದ ತೈಲ ಮತ್ತು ಅನಿಲ ಉದ್ಯಮದಲ್ಲಿ 1,189 ಕೆಲಸಗಾರರು ಸತ್ತರು. ಸಾವಿನ ದರ ಎಲ್ಲ ಉದ್ಯೋಗಗಳ ಸರಾಸರಿಯ ಸುಮಾರು ಏಳು ಪಟ್ಟು! ಹೇಗೆ ಸತ್ತರು? ಟಿ.ವಿ. ನೋಡಿದವರು ಬೆಂಕಿ, ಸ್ಫೋಟ ಎನ್ನುತ್ತಾರೆ. ಯಂತ್ರ, ಕೊಳವೆಗಳ ಹೊಡೆತಕ್ಕೆ ಸಿಕ್ಕಿದವರು 308. ಎಲ್ಲಕ್ಕಿಂತ ಹೆಚ್ಚಿನ ಸಾವು, 479, ಸಾರಿಗೆ ಅಪಘಾತಗಳಲ್ಲಿ. ಅವುಗಳಲ್ಲಿ ಬಹುಪಾಲು ರಸ್ತೆಯವು. ಶೇಕಡ 40!

ಏಕೆ ಹೀಗೆ? ಬಾವಿಗಳು ಊರಿನಿಂದ ಬಲು ದೂರ. 12 ಗಂಟೆ ದುಡಿದು, ಪಿಕಪ್ ವಾಹನ ಹತ್ತಿ, ನೂರಾರು ಕಿಲೋಮೀಟರ್ ಓಡಿಸಿ ಮನೆ ಸೇರಬೇಕು. ಕಣ್ಣು ಎಳೆಯುತ್ತದೆ. ಸೀಟ್ ಬೆಲ್ಟ್ ಹಾಕದೆ ಸತ್ತವರೂ ಅನೇಕರು. ಅಲ್ಲಿಯ ಲಾರಿ ಚಾಲಕರ ದುಡಿಮೆಗೆ ಗಂಟೆಯ ಮಿತಿ ಇದೆ. ಆದರೆ ತೈಲಬಾವಿಯ ಕೆಲವು ವಿಶೇಷ ವಾಹನಗಳ ಚಾಲಕರು ಬಾವಿಯ ಬಳಿ ಕಾಯುವ ಹೊತ್ತನ್ನು ದುಡಿಮೆಗೆ ಸೇರಿಸಬೇಕಿಲ್ಲ ಎಂಬ ವಿನಾಯಿತಿಯೂ ಉಂಟು.

ಇದನ್ನು ಮರುದಿನ ಹುಡುಗನ ಮುಂದೆ ಓದಿ ಹೇಳಿದೆ. ಅವನಿಗಿಂತ ಮೊದಲು ಅವರಪ್ಪನೇ ತಲೆ ಎತ್ತಿದರು. ‘ಅದು ನಿಜ ಮೇಷ್ಟ್ರೇ. ಗಾಟಿಯಲ್ಲಿ ನಮಗೆ ಭಯ ಇರೋದ್ರಿಂದ ಎಚ್ಚರ ಇರ್ತೀವಿ. ಊರು ಇನ್ನೇನು ಬಂತು ಅನ್ನೋವಾಗ ರೆಪ್ಪೆ ಮುಚ್ಚೋದು. ಹಾಗೆ ಹೋದೋರು ನನ್ನ ಜೊತೇಲಿ ಇಬ್ಬರು.’ ಮಗ ಅಪ್ಪನ ಮುಖ ನೋಡಿದ. ಮನೆಯಲ್ಲಿ ಆ ಮಾತು ಅಂದೇ ಮೊದಲು ಬಂದಿರಬೇಕು.

ಕೆಲಸ ಹೋದ ದಿನ

ಪರದೆ ಮುಚ್ಚಿಡುವ ಇನ್ನೊಂದು ಸಂಗತಿ ನೌಕರಿಯ ಅನಿಶ್ಚಿತತೆ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ತೈಲ 2016ರ ಆರಂಭದಲ್ಲಿ 30 ಡಾಲರ್‌ಗಿಂತ ಕೆಳಗಿಳಿಯಿತು. 2014ರ ಕೊನೆಗೆ ಅಮೆರಿಕದಲ್ಲಿ 1,900ರ ಆಸುಪಾಸಿನಲ್ಲಿದ್ದ ಚಾಲ್ತಿ ರಿಗ್‌ಗಳು 2016ರ ಮೇ ತಿಂಗಳಲ್ಲಿ 404ಕ್ಕೆ ಕುಸಿದವು. ರಿಗ್ ನಿಂತರೆ ರಫ್‌ನೆಕ್ ಮನೆಗೆ. ಅವನ ಧೈರ್ಯವಾಗಲಿ, ತೋಳ್ಬಲವಾಗಲಿ ಆಗ ಉಪಯೋಗಕ್ಕೆ ಬರುವುದಿಲ್ಲ. ದಪ್ಪ ಸಂಬಳ ನಂಬಿ ಸಾಲದಲ್ಲಿ ಕೊಂಡ ವಾಹನದ ಕಂತು ಮಾತ್ರ ನಿಲ್ಲುವುದಿಲ್ಲ.

ಜೊತೆಗೆ ಕೂತು ನೋಡಿ

ತಂದೆತಾಯಿಗಳೇ, ಇಂಥ ಕಾರ್ಯಕ್ರಮ ನೋಡಬೇಡವೆಂದು ಗದರಿದರೆ ಮಕ್ಕಳು ಕದ್ದು ನೋಡುತ್ತಾರೆ. ಜೊತೆಗೆ ಕೂತು ನೋಡಿ. ನಡುವೆ ಪ್ರಶ್ನೆ ಹಾಕಿ. ಈ ಅಪಾಯ ತಪ್ಪಿಸಲು ಸಾಧ್ಯವಿತ್ತೇ? ಈ ದೃಶ್ಯದ ಹಿಂದೆ ಲೆಕ್ಕ ಹಾಕಿದವರು ಯಾರು? ಈತ ಇವತ್ತು ಮನೆಗೆ ಹೇಗೆ ಹೋದ? ಕಷ್ಟದ ಕೆಲಸವನ್ನು ಕೀಳಾಗಿ ಕಾಣಬೇಡಿ, ಮಕ್ಕಳಿಗೂ ಹಾಗೆ ಹೇಳಬೇಡಿ. ಆದರೆ ಅಪಾಯವನ್ನು ಲೆಕ್ಕಿಸದಿರುವುದೇ ಗಂಡಸುತನ ಎಂಬ ಪಾಠವನ್ನು ಅವರು ಪರದೆಯಿಂದ ಕಲಿಯದಂತೆ ನೋಡಿಕೊಳ್ಳಿ.

ನಮ್ಮ ಹುಡುಗ ಮರುವಾರ ತರಗತಿಗೆ ಬಂದ. ಮನಸ್ಸು ಬದಲಾಯಿಸಿದ್ದಾನೆಂದು ಹೇಳಲಾರೆ, ರಿಗ್‌ಗೇ ಹೋಗುತ್ತಾನಂತೆ. ಆದರೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಲೆಕ್ಕ ಮಾಡಿಕೊಂಡು ಬಂದಿದ್ದ. ‘ಬಾವಿ 4,000 ಮೀಟರ್ ಇದ್ರೆ, ಅದೇ ಕೆಸರಿಗೆ ತಳದಲ್ಲಿ 480 ವಾತಾವರಣ ಅಲ್ವಾ ಸರ್?’ ಸರಿಯಾಗಿತ್ತು. ಆಮೇಲೆ ಕೇಳಿದ: ‘ಈ ಕೆಸರಿನ ಲೆಕ್ಕ ಹಾಕೋರು ಎಷ್ಟು ಓದಿರಬೇಕು?’

ಪಿಯುಸಿ ವಿಜ್ಞಾನ, ಆಮೇಲೆ ರಸಾಯನಶಾಸ್ತ್ರದ ಪದವಿ ಅಥವಾ ಎಂಜಿನಿಯರಿಂಗ್ ಎಂದೆ. ಧನಬಾದ್‌ನ ಐ.ಐ.ಟಿ.ಯಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗನ್ನೇ ಕಲಿಸುತ್ತಾರೆಂದೂ ಹೇಳಿದೆ. ಅದನ್ನು ಅದೇ ಪುಟದಲ್ಲಿ, ಲೆಕ್ಕದ ಕೆಳಗೆ ಬರೆದುಕೊಂಡ.