ವಿಶೇಷ ಶಿಕ್ಷಣದ ವೆಚ್ಚನಿಯಮಗಳು: ಗರಿಷ್ಠ ಮಿತಿಯೂ ಕನಿಷ್ಠ ಹೊಣೆಯೂ

ಸರ್ಕಾರವು ಒಂದು ಕಾರ್ಯಕ್ಕೆಂದು ಹಣವನ್ನು ಒದಗಿಸುವಾಗ ಎರಡು ಬಗೆಯ ನಿಯಮಗಳನ್ನು ವಿಧಿಸಬಹುದು. 'ಇಷ್ಟಕ್ಕಿಂತ ಹೆಚ್ಚಾಗಿ ವೆಚ್ಚಮಾಡಕೂಡದು' ಎಂಬುದು ಒಂದು. 'ಇಷ್ಟಕ್ಕಿಂತ ಕಡಿಮೆಯಾಗಿ ವೆಚ್ಚಮಾಡಕೂಡದು' ಎಂಬುದು ಇನ್ನೊಂದು. ಮೊದಲನೆಯದು ಬೊಕ್ಕಸವನ್ನು ಕಾಯುತ್ತದೆ. ಎರಡನೆಯದು, ಯಾರಿಗಾಗಿ ಆ ಹಣವು ಮೀಸಲಾಯಿತೋ ಅವರನ್ನು ಕಾಯುತ್ತದೆ. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕೆ ನಮ್ಮಲ್ಲಿ ದೊರೆಯುವ ಹಣವು ಈ ಎರಡರಲ್ಲಿ ಯಾವ ಬಗೆಯ ನಿಯಮಕ್ಕೆ ಒಳಪಟ್ಟಿದೆ, ಅದರ ಪರಿಣಾಮವೇನು ಎಂಬುದನ್ನು ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿಯನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೈಸೂರು ಸೀಮೆಗೆ ಈ ವಿಷಯವು ಹೊಸದಲ್ಲ. ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಮೈಸೂರು ನಗರದಲ್ಲಿ ಶಾಲೆ ತೆರೆದುದು 1901ರಲ್ಲಿ. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅದೇ ನಗರದಲ್ಲಿ ಸ್ಥಾಪಿತವಾಯಿತು. ಆದರೆ ನಗರದ ಸಂಸ್ಥೆಯ ಬಾಗಿಲು ಹಳ್ಳಿಯ ಮಗುವಿಗೆ ದೂರವೇ ಸರಿ. ಆದುದರಿಂದ, ಸಾಮಾನ್ಯ ಶಾಲೆಯಲ್ಲಿಯೇ ಈ ಮಕ್ಕಳಿಗೆ ಸ್ಥಾನ ಕಲ್ಪಿಸಬೇಕೆಂಬ ವಿಚಾರವು ಬಲಗೊಂಡಿತು. 1964-66ರ ಕೊಠಾರಿ ಆಯೋಗವು ಈ ಮಕ್ಕಳ ಶಿಕ್ಷಣವನ್ನು ಸಾರ್ವತ್ರಿಕ ಶಿಕ್ಷಣದ ಅವಿಭಾಜ್ಯ ಅಂಗವೆಂದು ಪರಿಗಣಿಸಬೇಕೆಂದಿತು. 1974ರಲ್ಲಿ ಕೇಂದ್ರ ಸರ್ಕಾರವು ಸಮನ್ವಯ ಶಿಕ್ಷಣದ ಯೋಜನೆಯನ್ನು ಆರಂಭಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 6ರಿಂದ 18 ವರ್ಷದೊಳಗಿನ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಪ್ರತಿಯೊಂದು ಮಗುವಿಗೂ ನೆರೆಯ ಶಾಲೆಯಲ್ಲಾಗಲಿ, ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿತು.

ಹಕ್ಕಿನೊಡನೆ ಹಣವೂ ಬರಬೇಕಷ್ಟೆ. ಸರ್ವಶಿಕ್ಷಾ ಅಭಿಯಾನವು ಆರಂಭದಲ್ಲಿ ಮಗುವೊಂದಕ್ಕೆ ವರ್ಷಕ್ಕೆ 1,200 ರೂಪಾಯಿಗಳವರೆಗೆ ವೆಚ್ಚಮಾಡಲು ಅವಕಾಶ ಕೊಟ್ಟಿತ್ತು. 2010ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದ ಬಳಿಕ ಆ ಮೊತ್ತವು 3,000 ರೂಪಾಯಿಗಳಾಯಿತು. ಅದರಲ್ಲಿ ಕನಿಷ್ಠ 1,000 ರೂಪಾಯಿಗಳನ್ನು ಸಂಪನ್ಮೂಲ ಶಿಕ್ಷಕರ ನೇಮಕಕ್ಕೇ ಬಳಸತಕ್ಕದ್ದೆಂಬ ಷರತ್ತೂ ಇದ್ದಿತು. 2018-19ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು ಮೊತ್ತವನ್ನು 3,500 ರೂಪಾಯಿಗಳಿಗೆ ಏರಿಸಿ, ವಿಶೇಷ ಶಿಕ್ಷಕರ ವೇತನವನ್ನು ಬೇರೆಯಾಗಿಸಿತು. ಇದಲ್ಲದೆ ವಿಶೇಷ ಅಗತ್ಯವುಳ್ಳ ಬಾಲಕಿಯರಿಗೆ ತಿಂಗಳಿಗೆ 200 ರೂಪಾಯಿಗಳಂತೆ ಹತ್ತು ತಿಂಗಳ ಪ್ರೋತ್ಸಾಹಧನವನ್ನು ಗೊತ್ತುಪಡಿಸಿತು. ಯೋಜನೆಯ ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡ 60. ಕರ್ನಾಟಕದ ಪಾಲು ಶೇಕಡ 40.

ಈ ಹಣವು ಹಳ್ಳಿಗೆ ಹರಿದುಬರುವ ಮಾರ್ಗವನ್ನು ಒಂದು ಉದಾಹರಣೆಯಿಂದ ನೋಡೋಣ. ಬಿಳಿಗೆರೆ ಹೋಬಳಿಯ ಒಂದು ಗ್ರಾಮದಲ್ಲಿ ಕಿವಿ ಮಂದವಾದ ಬಾಲಕಿಯೊಬ್ಬಳು ಮೂರನೆಯ ತರಗತಿಯಲ್ಲಿ ಓದುತ್ತಿರುವಳೆಂದು ಭಾವಿಸಿಕೊಳ್ಳಿ. ಮೊದಲು ಶಾಲೆಯ ಮುಖ್ಯೋಪಾಧ್ಯಾಯರು ಆಕೆಯನ್ನು ಗುರುತಿಸಿ ಮಾಹಿತಿ ದಾಖಲೆಯಲ್ಲಿ ಸೇರಿಸಬೇಕು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ಸಮನ್ವಯ ಶಿಕ್ಷಣದ ಶಿಕ್ಷಕರು ಆಕೆಯನ್ನು ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಕರೆಸಬೇಕು. ಹೀಗೆ ಕಲೆಹಾಕಿದ ಸಂಖ್ಯೆಗಳಿಂದ ತಾಲ್ಲೂಕಿನ ಬೇಡಿಕೆಯೂ, ತಾಲ್ಲೂಕುಗಳ ಬೇಡಿಕೆಗಳಿಂದ ಜಿಲ್ಲೆಯ ವಾರ್ಷಿಕ ಯೋಜನೆಯೂ, ಜಿಲ್ಲೆಗಳಿಂದ ರಾಜ್ಯದ ಯೋಜನೆಯೂ ಸಿದ್ಧವಾಗುತ್ತದೆ. ದೆಹಲಿಯ ಯೋಜನಾ ಅನುಮೋದನ ಮಂಡಳಿಯು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆ ಹಣವು ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ಕೊನೆಗೆ ಅದು ಶ್ರವಣೋಪಕರಣವಾಗಿ, ಸಾರಿಗೆ ಭತ್ಯೆಯಾಗಿ, ಬೆಂಗಾವಲು ಭತ್ಯೆಯಾಗಿ, ಶಾಲೆಗೆ ಬರಲಾರದ ಮಗುವಾದರೆ ಗೃಹಾಧಾರಿತ ಶಿಕ್ಷಣವಾಗಿ ಮನೆಯನ್ನು ತಲಪಬೇಕು.

ಜಿಲ್ಲೆಯು ನಿಯಮವನ್ನು ಪಾಲಿಸಿತೆಂದು ನಿರ್ಣಯಿಸುವುದು ಹೇಗೆ? ಲೆಕ್ಕಪರಿಶೋಧಕರು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಹಣವು ಮಂಜೂರಾದ ಶೀರ್ಷಿಕೆಯಡಿಯಲ್ಲಿಯೇ ವ್ಯಯವಾಯಿತೆ? ವೆಚ್ಚವು ಗೊತ್ತುಪಡಿಸಿದ ದರವನ್ನು ಮೀರದೆ ಇದೆಯೆ? ಹಣಬಳಕೆ ಪ್ರಮಾಣಪತ್ರವು ಸಕಾಲದಲ್ಲಿ ಸಲ್ಲಿತೆ? ಮೂರಕ್ಕೂ 'ಹೌದು' ಎಂಬ ಉತ್ತರ ಬಂದರೆ ಕಡತವು ಮುಚ್ಚಲ್ಪಡುತ್ತದೆ. ಖರ್ಚಾಗದೆ ಉಳಿದ ಹಣವು ಮುಂದಿನ ಬಿಡುಗಡೆಯಲ್ಲಿ ಹೊಂದಾಣಿಕೆಯಾಗುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, 'ಕಳೆದ ವರ್ಷ ಈ ಮಕ್ಕಳಿಗಾಗಿ ಮಾಡಿದಷ್ಟು ವೆಚ್ಚವನ್ನು ಈ ವರ್ಷವೂ ಮಾಡಿದಿರಾ?' ಎಂಬ ನಾಲ್ಕನೆಯ ಪ್ರಶ್ನೆಯು ಈ ಪಟ್ಟಿಯಲ್ಲಿ ಇಲ್ಲದಿರುವುದು.

ಆ ನಾಲ್ಕನೆಯ ಪ್ರಶ್ನೆಯನ್ನೇ ಕೇಂದ್ರವಾಗಿಟ್ಟುಕೊಂಡ ವ್ಯವಸ್ಥೆಯೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿದೆ. ಅಲ್ಲಿ 'ಶಾಲಾ ಜಿಲ್ಲೆ' ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ. ಶಾಲೆಗಳ ಆಡಳಿತಕ್ಕಾಗಿಯೇ ಏರ್ಪಟ್ಟ, ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯನ್ನು ಆಶ್ರಯಿಸಿದ ಸ್ಥಳೀಯ ಸಂಸ್ಥೆ. 1975ರ ಕಾನೂನು ಅಂಗವೈಕಲ್ಯವುಳ್ಳ ಎಲ್ಲ ಮಕ್ಕಳಿಗೂ ಉಚಿತವಾದ ಯುಕ್ತ ಶಿಕ್ಷಣ ದೊರೆಯಬೇಕೆಂದು ವಿಧಿಸಿ, ಸಂಯುಕ್ತ ಸರ್ಕಾರದಿಂದ ನೆರವನ್ನು ಒದಗಿಸಿತು. ಆದರೆ ಮೇಲಿನ ಹಣ ಬಂದಿತೆಂದು ಸ್ಥಳೀಯರು ತಮ್ಮ ಹಣವನ್ನು ಹಿಂತೆಗೆದುಕೊಂಡರೆ ಮಗುವಿಗೆ ಲಾಭವೇನು? ಈ ಅಪಾಯವನ್ನು ತಡೆಯಲು, ನೆರವು ಪಡೆಯುವ ಶಾಲಾ ಜಿಲ್ಲೆಯು ವಿಶೇಷ ಶಿಕ್ಷಣಕ್ಕೆ ತಾನು ಮಾಡುತ್ತಿದ್ದ ವೆಚ್ಚವನ್ನು ಹಿಂದಿನ ವರ್ಷಕ್ಕಿಂತ ಇಳಿಸಬಾರದೆಂಬ ನಿಯಮವನ್ನು ಅಲ್ಲಿ ಮಾಡಲಾಗಿದೆ. ಅದನ್ನು 'ಪ್ರಯತ್ನಪಾಲನೆ'ಯ ನಿಯಮವೆಂದು ಕರೆಯಬಹುದು.

ಈ ನಿಯಮವನ್ನು ಪಾಲಿಸಲು ನಾಲ್ಕು ಅಳತೆಗಳುಂಟು: ಸ್ಥಳೀಯ ಹಣದ ಒಟ್ಟು ಮೊತ್ತ, ಸ್ಥಳೀಯ ಮತ್ತು ರಾಜ್ಯದ ಹಣ ಕೂಡಿದ ಒಟ್ಟು ಮೊತ್ತ, ಸ್ಥಳೀಯ ಹಣದ ತಲಾ ಮೊತ್ತ, ಎರಡೂ ಕೂಡಿದ ತಲಾ ಮೊತ್ತ. ಇವುಗಳಲ್ಲಿ ಯಾವುದಾದರೂ ಒಂದು ಕುಂದದೆ ಇದ್ದರೆ ಸಾಕು. ನಮ್ಮ ನಾಣ್ಯದಲ್ಲಿಯೇ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಒಂದು ವರ್ಷ 100 ಮಕ್ಕಳಿಗೆ ಸ್ಥಳೀಯ ಹಣದಿಂದ 10,00,000 ರೂಪಾಯಿ ವೆಚ್ಚವಾಯಿತು. ಮರುವರ್ಷ ಮಕ್ಕಳು 90; ವೆಚ್ಚ 9,18,000. ಒಟ್ಟು ಮೊತ್ತದ ಅಳತೆಯಲ್ಲಿ 82,000 ರೂಪಾಯಿಗಳ ಕೊರತೆ ಕಾಣುತ್ತದೆ. ತಲಾ ಲೆಕ್ಕದಲ್ಲಿಯಾದರೋ 10,000 ಇದ್ದುದು 10,200 ಆಗಿದೆ, ನಿಯಮವು ಪಾಲಿತವಾದಂತಾಯಿತು.

ವೆಚ್ಚ ತಗ್ಗಿಸಲು ನ್ಯಾಯವಾದ ಕಾರಣಗಳನ್ನೂ ಆ ಕಾನೂನು ಎಣಿಸಿದೆ. ಹೆಚ್ಚು ವೇತನದ ಹಿರಿಯ ಶಿಕ್ಷಕರ ನಿವೃತ್ತಿ, ಮಕ್ಕಳ ಸಂಖ್ಯೆಯ ಇಳಿಕೆ, ಅತಿಯಾದ ವೆಚ್ಚ ಬೇಡುತ್ತಿದ್ದ ಮಗುವೊಂದು ಬೇರೆಡೆಗೆ ಹೋದುದು, ಉಪಕರಣ ಅಥವಾ ಕಟ್ಟಡದಂತಹ ದೊಡ್ಡ ವೆಚ್ಚದ ಮುಕ್ತಾಯ ಮುಂತಾದವು ಅಂತಹವು. ಕಾರಣವಿಲ್ಲದೆ ಇಳಿಸಿದರೆ ಕೊರತೆಯಾದ ಮೊತ್ತವನ್ನು ಸಂಯುಕ್ತ ಸರ್ಕಾರಕ್ಕೆ ಮರಳಿಸಬೇಕಾಗುತ್ತದೆ. ಒಂದು ವರ್ಷ ತಪ್ಪಿದ ಜಿಲ್ಲೆಯು ಮರುವರ್ಷ ಆ ಇಳಿದ ಮೊತ್ತವನ್ನೇ ಆಧಾರವಾಗಿ ತೋರಿಸುವಂತಿಲ್ಲ, ತಪ್ಪದೆ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದೇ ಆಧಾರ ಎಂಬುದನ್ನು 2015ರ ನಿಯಮಾವಳಿಯು ಸ್ಪಷ್ಟಪಡಿಸಿತು.

ಆ ವ್ಯವಸ್ಥೆಯು ನಿರ್ದುಷ್ಟವೆಂದು ನಾವು ಹೇಳುತ್ತಿಲ್ಲ. ಬೆಲೆಯೇರಿಕೆಯನ್ನು ಆ ನಿಯಮವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಕಿ ಇಳಿಯದಿದ್ದರೂ ಅದರ ಬೆಲೆ ಇಳಿಯಬಹುದು. ಸಂಯುಕ್ತ ಸರ್ಕಾರವೂ, ಸರಾಸರಿ ತಲಾ ಶಿಕ್ಷಣವೆಚ್ಚದ ಶೇಕಡ 40ರಷ್ಟನ್ನು ಕೊಡಬಹುದೆಂಬ ತನ್ನ ಗುರಿಯನ್ನು ಎಂದೂ ಮುಟ್ಟಿಲ್ಲ. ಆದರೂ ಹಿಂದಿನ ವರ್ಷದೊಡನೆ ಹೋಲಿಸಿ ಲೆಕ್ಕವಿಡುವ ಅನಿವಾರ್ಯತೆಯನ್ನು ಆ ನಿಯಮವು ಉಂಟುಮಾಡಿದೆ.

ಹಾಗಾದರೆ ಆ ನಿಯಮವನ್ನು ಇಲ್ಲಿ ನೆಟ್ಟರೆ ಬೇರೂರುವುದೆ? ಇದಕ್ಕೆ ಉತ್ತರವು ನಮ್ಮ ಇತಿಹಾಸದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ 1930ರ ಕಾನೂನು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಮಂಡಳಿಗಳಿಗೆ ವಹಿಸಿತು. 1941ರ ಕಾನೂನು ಅದನ್ನು ಸರ್ಕಾರದ ಕೈಗೆ ಮರಳಿಸಿತು. ಶಾಲೆಯ ಹಣಕಾಸಿನ ಭಾರವು ಅಂದಿನಿಂದ ಮುಖ್ಯವಾಗಿ ರಾಜ್ಯದ್ದೇ ಆಗಿದೆ. ಮೈಸೂರು ಜಿಲ್ಲೆಯು ಶಾಲೆಗಳಿಗೆಂದು ತೆರಿಗೆ ಹಾಕುವುದಿಲ್ಲ, ಬಂದುದನ್ನು ಹಂಚುತ್ತದೆ. ತನ್ನದಲ್ಲದ ಹಣವನ್ನು ಇಳಿಸಬೇಡವೆಂದು ಅದಕ್ಕೆ ಆಜ್ಞಾಪಿಸುವುದು ಹುರುಳಿಲ್ಲದ ಮಾತು. ಅಂತಹ ಹೊಣೆಯನ್ನು ಹೊರಬೇಕಾದವು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು.

ಆದರೆ ಸ್ಥಳೀಯವಾಗಿ ಕನಿಷ್ಠ ಹೊಣೆಯ ಒಂದು ಮೊಳಕೆಯಾದರೂ ನಮ್ಮಲ್ಲಿ ಇದ್ದೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡ 5ನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡತಕ್ಕದ್ದು. ಇದು ಶಾಲೆಗಷ್ಟೇ ಮೀಸಲಾದುದಲ್ಲ. ಆದಾಯ ಕಡಿಮೆಯಿರುವ ಪಂಚಾಯಿತಿಯಲ್ಲಿ ಶೇಕಡ 5 ಎಂಬುದು ಅಲ್ಪ ಮೊತ್ತವೂ ಹೌದು. ಆದರೂ 'ಇಷ್ಟಕ್ಕಿಂತ ಕಡಿಮೆಯಾಗಕೂಡದು' ಎಂಬ ತತ್ತ್ವವು ಹಳ್ಳಿಯ ಮಟ್ಟದಲ್ಲಿ ಅಂಗೀಕೃತವಾಗಿರುವುದಕ್ಕೆ ಇದು ನಿದರ್ಶನ. ಹಾಗೆಯೇ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೂ, ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೂ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಸೂಚಿಸಿತು. ಇದೂ ಕನಿಷ್ಠ ಹೊಣೆಯೇ. ಹಣದ ಬದಲು ಆಳಿನ ಲೆಕ್ಕದಲ್ಲಿ ಹೇಳಿದುದು.

ಕೊನೆಯದಾಗಿ ಒಂದು ಮಾತು. 2010ರ 3,000 ರೂಪಾಯಿಗಳನ್ನೂ 2018ರ 3,500 ರೂಪಾಯಿಗಳನ್ನೂ ಎದುರುಬದುರಿಗೆ ಇಟ್ಟು ಮಗುವಿನ ಪಾಲು ಬೆಳೆಯಿತೋ ಕುಗ್ಗಿತೋ ಎಂದು ಕೂಡಲೇ ಹೇಳಲಾಗುವುದಿಲ್ಲ. ಮೊದಲನೆಯದರಲ್ಲಿ ಶಿಕ್ಷಕರ ವೆಚ್ಚವು ಸೇರಿದ್ದಿತು, ಎರಡನೆಯದರಿಂದ ಅದು ಹೊರಗುಳಿಯಿತು. ಗರಿಷ್ಠ ಮಿತಿಯನ್ನು ಮಾತ್ರ ನೋಡುವ ವ್ಯವಸ್ಥೆಯಲ್ಲಿ ಹೋಲಿಕೆಗೆ ಒಗ್ಗುವ ಲೆಕ್ಕವನ್ನು ಇಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ನಾವು ಉದಾಹರಿಸಿದ ಬಾಲಕಿಯು ದಾಖಲೆಯಿಂದ ಬಿಟ್ಟುಹೋದರೆ ಲೆಕ್ಕದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಒಂದು ತಲೆ ಕಡಿಮೆಯಾಯಿತು, ಅಷ್ಟು ಹಣವೂ ಕಡಿಮೆಯಾಯಿತು, ಅಷ್ಟೆ. ಆದುದರಿಂದ ತಾಲ್ಲೂಕಿಗೊಂದರಂತೆ ಗುರುತಿಸಿದ ಮಕ್ಕಳ ಸಂಖ್ಯೆ, ಅವರಿಗಾಗಿ ಆದ ಒಟ್ಟು ವೆಚ್ಚ, ತಲಾ ವೆಚ್ಚ, ಇಳಿಕೆಯಾಗಿದ್ದರೆ ಅದರ ಕಾರಣ ಇವಿಷ್ಟನ್ನು ಒಂದೇ ಪುಟದಲ್ಲಿ ವರ್ಷವರ್ಷವೂ ಪ್ರಕಟಿಸುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ನಂಜನಗೂಡಿನ ಪುಟವನ್ನು ತಿರುಮಕೂಡಲು ನರಸೀಪುರದ ಪುಟದೊಡನೆ ಹೋಲಿಸಿ ಓದುವ ಕೆಲಸವನ್ನು ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಂಡರೆ, ಆ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಇಲ್ಲಿಯೂ ಇದ್ದಂತಾಗುತ್ತದೆ.