ಸುಂಡಿಲಿಗೆ ಕೊಟ್ಟ ಶಾಕು, ಎಸ್ಸೆಸ್ಸೆಲ್ಸಿಗೆ ಬಂದ ಗ್ರಾಫು

“ಮನೆಯಲ್ಲಿ ಕೇಳಿದರೆ ಮಗಳು ಪಟಪಟ ಅಂತ ಹೇಳ್ತಾಳೆ, ಹಾಲ್‌ನಲ್ಲಿ ಕೂತರೆ ಎಲ್ಲ ಮರೆತುಹೋಗುತ್ತಂತೆ. ಸ್ವಲ್ಪ ಟೆನ್ಷನ್ ಇದ್ದರೇನೇ ಒಳ್ಳೇದು ಅಂತಾರೆ ಅವಳ ಮೇಷ್ಟ್ರು. ಹೌದಾ?” ಹತ್ತನೇ ಕ್ಲಾಸಿನ ಹುಡುಗಿಯ ತಾಯಿಯೊಬ್ಬರು ಕೇಳಿದ್ದಾರೆ. ಮೇಷ್ಟ್ರ ಮಾತಿನಿಂದಲೇ ಶುರು ಮಾಡೋಣ.

ಆ ಮಾತಿಗೆ ಆಧಾರವಾಗಿ ಒಂದು ಗ್ರಾಫ್ ಇದೆ. ವ್ಯಕ್ತಿತ್ವ ವಿಕಸನ ಶಿಬಿರಗಳ ಪರದೆಯ ಮೇಲೆ ತಪ್ಪದೆ ಬರುತ್ತದೆ: ಒತ್ತಡ ಏರಿದಂತೆ ಸಾಧನೆಯೂ ಏರಿ, ನೆತ್ತಿ ಮುಟ್ಟಿ ಇಳಿಯುವ ಗುಡ್ಡದಾಕಾರದ ಗೆರೆ. ಕೆಳಗೆ ‘ಯರ್ಕ್ಸ್–ಡಾಡ್ಸನ್ ನಿಯಮ, 1908’ ಎಂಬ ಮುದ್ರೆ. ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಹಾರ್ವರ್ಡ್‌ನಲ್ಲಿ ಪರೀಕ್ಷಿಸಿದ್ದು ಯಾವ ವಿದ್ಯಾರ್ಥಿಯನ್ನೂ ಅಲ್ಲ, ಜಪಾನಿನ ‘ಕುಣಿಯುವ’ ಸುಂಡಿಲಿಗಳನ್ನು. ಒಳಕಿವಿಯ ದೋಷದಿಂದ ನಿಂತಲ್ಲೇ ಗಿರಗಿರ ಸುತ್ತುವ ತಳಿ ಅದು. ಬಿಳಿ ಪೆಟ್ಟಿಗೆಯೊಳಗೆ ಹೋದರೆ ಪಾರು, ಕಪ್ಪಿಗೆ ಕಾಲಿಟ್ಟರೆ ಕರೆಂಟು. ಬಿಳಿ–ಕಪ್ಪಿನ ವ್ಯತ್ಯಾಸ ಢಾಳಾಗಿದ್ದಾಗ ಶಾಕ್ ಜೋರಾದಷ್ಟೂ ಬೇಗ ಕಲಿತವು. ಅಲ್ಲಿ ಗುಡ್ಡವೇ ಇಲ್ಲ. ವ್ಯತ್ಯಾಸ ಗುರುತಿಸುವುದೇ ಕಷ್ಟವಾಗಿದ್ದಾಗ ಮಾತ್ರ ನಡುಮಟ್ಟದ ಶಾಕ್ ಚೆನ್ನಾಗಿ ಕೆಲಸ ಮಾಡಿತು. ಒತ್ತಡದ ಜೀವವಿಜ್ಞಾನಕ್ಕೆ ಬುನಾದಿ ಹಾಕಿದ ಹ್ಯಾನ್ಸ್ ಸೆಲ್ಯೆಯ ಟಿಪ್ಪಣಿ ಬಂದದ್ದೇ 1936ರಲ್ಲಿ. ಸುಂಡಿಲಿಯ ಕಾಲಿನ ಶಾಕು ಮಕ್ಕಳ ‘ಟೆನ್ಷನ್’ ಆದದ್ದು ಆಮೇಲಿನವರ ಕೈಚಳಕ. ಹಾಗೆ ನೋಡಿದರೆ, ಆ ಪ್ರಯೋಗ ಕಲಿಯುವುದರ ಬಗ್ಗೆ. ಪರೀಕ್ಷೆಯಲ್ಲಿ ಕೂತ ಹುಡುಗಿ ಹೊಸದೇನನ್ನೂ ಕಲಿಯುತ್ತಿಲ್ಲ, ಕಲಿತದ್ದನ್ನು ನೆನಪಿಸಿಕೊಳ್ಳುತ್ತಿದ್ದಾಳೆ.

ನೆನಪಿಸಿಕೊಳ್ಳುವುದರ ಬಗ್ಗೆ ನನಗೆ ಬಲು ಇಷ್ಟವಾದ ಪ್ರಯೋಗ 1998ರದು. ಡೊಮಿನಿಕ್ ಡಿ ಕ್ವೆರ್ವೆ ಮತ್ತು ಸಂಗಡಿಗರು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ ಕಟ್ಟೆ ಎಲ್ಲಿದೆಯೆಂದು ಇಲಿಗಳಿಗೆ ಕಲಿಸಿದರು. ಮರುದಿನ ಹುಡುಕಲು ಬಿಡುವ ಮೊದಲು ಕಾಲಿಗೊಂದು ಶಾಕ್. ಶಾಕ್ ಕೊಟ್ಟು 2 ನಿಮಿಷಕ್ಕೆ ನೀರಿಗೆ ಬಿಟ್ಟರೆ ಇಲಿಗೆ ಜಾಗ ನೆನಪಿತ್ತು. 4 ಗಂಟೆ ಕಳೆದು ಬಿಟ್ಟರೂ ನೆನಪಿತ್ತು. 30 ನಿಮಿಷಕ್ಕೆ ಬಿಟ್ಟಾಗ ಮಾತ್ರ ತಡಕಾಡಿತು! ಭಯವೊಂದೇ ಕಾರಣವಾಗಿದ್ದರೆ 2 ನಿಮಿಷದಲ್ಲೇ ಕೆಡಬೇಕಿತ್ತು. ಒತ್ತಡದ ಹಾರ್ಮೋನು ಅಡ್ರಿನಲ್ ಗ್ರಂಥಿಯಿಂದ ರಕ್ತಕ್ಕಿಳಿದು ಮಟ್ಟ ಏರಲು ಅಷ್ಟು ಹೊತ್ತು ಬೇಕು. ಆ ಹಾರ್ಮೋನು ತಯಾರಾಗದಂತೆ ಔಷಧಿಯಿಂದ ತಡೆದಾಗ 30ನೇ ನಿಮಿಷದಲ್ಲೂ ಇಲಿ ಮರೆಯಲಿಲ್ಲ.

2000ದಲ್ಲಿ ಅದೇ ತಂಡ ಮನುಷ್ಯರಿಗೆ ಅದೇ ಜಾತಿಯ ಹಾರ್ಮೋನಾದ ಕಾರ್ಟಿಸೋನ್‌ನ ಮಾತ್ರೆ ಕೊಟ್ಟು ನೋಡಿತು. ಹಿಂದಿನ ದಿನ ಕಲಿತ ಪದಗಳನ್ನು ಹೇಳುವುದಕ್ಕೆ ಒಂದು ಗಂಟೆ ಮೊದಲು ನುಂಗಿದವರು ಕಡಿಮೆ ಪದ ಹೇಳಿದರು. ಕಲಿಯುವ ಮೊದಲು ನುಂಗಿದವರಿಗೆ ಏನೂ ಆಗಲಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ: ಓದಿದ್ದು ತಲೆಯಲ್ಲೇ ಇದೆ, ಹೊರಬರುವ ದಾರಿ ಸ್ವಲ್ಪ ಹೊತ್ತಿಗೆ ಕಟ್ಟಿಕೊಂಡಿದೆ. ನೆನಪಿನ ಶಕ್ತಿಯ ಸಿರಪ್ ಕುಡಿಸಿ ಅದನ್ನು ತೆರೆಯಬಹುದೆಂದು ನಾನಂತೂ ನಂಬುವುದಿಲ್ಲ.

ಸಿರಪ್ಪಿಗಿಂತ ಘನವಾದ ಪರಿಹಾರಗಳೂ ಎಡವಿವೆ. ಪರೀಕ್ಷೆಗೆ ಮುಂಚೆ 10 ನಿಮಿಷ ತಮ್ಮ ಭಯವನ್ನೆಲ್ಲ ಹಾಳೆಯ ಮೇಲೆ ಬರೆದುಹಾಕಿದವರಿಗೆ ಅಂಕ ಹೆಚ್ಚಿತೆಂದು ರಾಮಿರೆಜ್ ಮತ್ತು ಬೈಲಾಕ್ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಾಗ ಜಗತ್ತೆಲ್ಲ ಸುದ್ದಿ. ಹೆಸರಾಂತ 21 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ಫಲಿತಾಂಶ 2018ರಲ್ಲಿ ಬಂತು. 13 ನಿಂತವು, ಇದು ನಿಲ್ಲಲಿಲ್ಲ. ಬರೆದರೆ ನಷ್ಟವೇನೂ ಇಲ್ಲ, ಅಷ್ಟೆ.

ಇಲಿಯ 30 ನಿಮಿಷವನ್ನು ಹಾಗೇ ಮಗುವಿನ ಕೈಗೆ ಗಡಿಯಾರದಂತೆ ಕಟ್ಟಲಾಗದು, ನಿಜ. ಆದರೂ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತು “ಆ ಪ್ರಮೇಯ ಓದಿದ್ಯಾ? ಐದು ಮಾರ್ಕ್ಸಿಗೆ ಅದೇ ಬರತ್ತೆ ನೋಡು” ಎಂದು ಬೆದರಿಸುವುದಕ್ಕೆ ಪರೀಕ್ಷೆಯ ಮುಂಚಿನ ಆ ಹೊತ್ತಿಗಿಂತ ಕೆಟ್ಟ ಹೊತ್ತಿಲ್ಲ. 2024ರಿಂದ ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಚೆನ್ನಾಗಿ ಬಂದ ಅಂಕ ಉಳಿಯುತ್ತದೆ. ಅದನ್ನು ಮಗಳಿಗೆ ಹಿಂದಿನ ರಾತ್ರಿಯೇ ಹೇಳಿ, ಬೇಗ ಮಲಗಿಸಿ.